ಬಾಗಿಲ ಬಳಿಯ ಕಪಾಟು

ಲಿನ್ಹೆ, ಹೆನಾನ್
೮ ಮಾರ್ಚ್ ೨೦೧೬

ಯಾಯಾಳ ಅಪ್ಪನಿಗೆ,

ನಿನ್ನೆಯೂ ನೀನು ನನ್ನ ಮಾತು ಮುಗಿಯುವ ಮೊದಲೇ ಮೀಟಿಂಗ್ ಇದೆ ಎಂದು ಫೋನ್ ಇಟ್ಟುಬಿಟ್ಟೆ. ದಿನವಿಡೀ ಫೋನ್ ಮಾರಿ ಬದುಕುವವಳು ಗಂಡನ ಜೊತೆ ನಾಲ್ಕು ಮಾತಾಡಲು ಕಾಗದ ಬರೆಯಬೇಕಾಗಿದೆ, ನೋಡು. ಕಾಗದವನ್ನಾದರೆ ಅರ್ಧಕ್ಕೆ ಕತ್ತರಿಸಲು ನಿನ್ನಿಂದಾಗದು. ಕೊರಿಯರ್‌ನವನು ಹೇಗೂ ದಿನಾ ಅಂಗಡಿಗೆ ಬರುತ್ತಾನೆ, ಎರಡೇ ದಿನದಲ್ಲಿ ಶಾಂಘೈ ಮುಟ್ಟಿಸುತ್ತಾನೆ.

ನಿನ್ನ ವಿದೇಶಿ ಕಂಪನಿಯ ಫೋನು ಹೊಸ ವರ್ಷದ ಹಬ್ಬದಿಂದ ಇವತ್ತಿನವರೆಗೆ ಮೂರು ಮಾರಿದ್ದೇನೆ. ಅದರಲ್ಲಿ ಒಂದು ವಾಪಸ್ ಬಂತು. ಚೌಕದಲ್ಲಿ ಕುಣಿಯುವ ಹೆಂಗಸರ ಗುಂಪಿನ ಹೂ ಆಂಟಿ ಕೊಂಡಿದ್ದರು. ಮಾರನೆಯ ಬೆಳಿಗ್ಗೆಯೇ ತಂದು ಗಾಜಿನ ಮೇಲಿಟ್ಟು, "ಇದರ ದನಿ ಏನಮ್ಮ, ಸೊಳ್ಳೆ ಗುಂಯ್ ಅಂದ ಹಾಗಿದೆ. ನಲವತ್ತು ಜನ ಇದಕ್ಕೆ ಹೇಗೆ ಕುಣಿಯೋದು?" ಅಂದರು. ಆಮೇಲೆ ಪರದೆಯ ಮೇಲಿನ ಒಂದು ಚಿತ್ರವನ್ನು ಬೆರಳಿನಿಂದ ಕುಟ್ಟಿ, "ಇದನ್ನ ಒತ್ತಿದ್ರೆ ನಮ್ಮ ದೇಶದಲ್ಲಿ ಏನೂ ತೆರೆಯಲ್ವಂತೆ. ಮತ್ಯಾಕೆ ಇಟ್ಟಿದ್ದಾರೆ? ಗೋಡೆ ಮೇಲೆ ಬಾಗಿಲಿನ ಚಿತ್ರ ಬರೆದ್ರೆ ಒಳಗೆ ಹೋಗೋಕಾಗತ್ತಾ?" ಎಂದು ಕೇಳಿದರು. ನಾನು ಏನು ಹೇಳಲಿ? ಅದೇ ಫೋನನ್ನು ನಿನ್ನ ಕಂಪನಿ ತನ್ನ ಜಾಲತಾಣದಲ್ಲಿ ಇನ್ನೂರು ಯುವಾನ್ ಕಮ್ಮಿಗೆ ಮಾರಿ, ಊರವರ ಮುಂದೆ ನನ್ನನ್ನು ಕಳ್ಳಿ ಮಾಡಿದೆ.

ನೇರಳೆ ಬೋರ್ಡಿನ ದೇಶಿ ಫೋನ್ ಕಂಪನಿಯವರು ತಮ್ಮ ಮಾರಾಟ ನೋಡಿಕೊಳ್ಳಲು ನಮ್ಮ ಬೀದಿಗೆ ಹೊಸ ಹುಡುಗನನ್ನು ಹಾಕಿದ್ದಾರೆ. ಫೆಂಗ್ ಎಂದು ಹೆಸರು, ಇಪ್ಪತ್ತೇಳರ ಪ್ರಾಯ. ಅತ್ತಿಗೆ ಅತ್ತಿಗೆ ಎಂದು ಓಡಾಡಿಕೊಂಡಿದ್ದಾನೆ. ನಮ್ಮ ಅಂಗಡಿಯ ಗಾಜು ಇಷ್ಟು ಹೊಳೆದದ್ದನ್ನು ನಾನು ಈ ಆರು ವರ್ಷದಲ್ಲಿ ನೋಡಿರಲಿಲ್ಲ.

ಯಾನ್‌ಲಿಂಗ್

*

ಶಾಂಘೈ
೨ ಏಪ್ರಿಲ್ ೨೦೧೬

ಯಾನ್‌ಲಿಂಗ್,

ತಡವಾಯಿತು. ಹೊಸ ಮಾದರಿ ಬಿಡುಗಡೆಯ ಕೆಲಸ ಕುತ್ತಿಗೆಯವರೆಗಿದೆ. ನಾನಿರುವುದು ಗಿರಾಕಿಗಳ ಬೇಕು ಬೇಡ ತಿಳಿಯುವ ವಿಭಾಗ. ಹಾಗಾಗಿ ನೀನು ಬರೆದ ದನಿಯ ದೂರನ್ನು ಮೇಲಿನವರಿಗೆ ಕಳಿಸಿದ್ದೇನೆ. ಅದು ಕಡಲಾಚೆಯ ಮುಖ್ಯ ಕಚೇರಿಗೆ ಹೋಗಿ ಬರಬೇಕು. ಮುಂದಿನ ತ್ರೈಮಾಸಿಕದಲ್ಲಿ ಉತ್ತರ ಬಂದೀತು.

ಬೆಲೆಯ ವಿಷಯ ನನ್ನ ಕೈಯಲ್ಲಿಲ್ಲ. ಅಪ್ಪ ಹೇಗಿದ್ದಾರೆ? ಯಾಯಾಳ ಗಣಿತ?

ಅವನು ನಿನ್ನನ್ನು ಯಾಕೆ ಅತ್ತಿಗೆ ಎನ್ನಬೇಕು? ನಮ್ಮ ಅಪ್ಪನಿಗೆ ನಾನೊಬ್ಬನೇ ಮಗ. ನನಗೆ ತಮ್ಮ ಇರುವ ವಿಷಯ ಇವತ್ತೇ ಗೊತ್ತಾದದ್ದು.

ಬೋವೆನ್

*

ಲಿನ್ಹೆ
೧೦ ಏಪ್ರಿಲ್ ೨೦೧೬

ಯಾಯಾಳ ಅಪ್ಪನಿಗೆ,

ಅತ್ತಿಗೆ ಎನ್ನದೆ ಇನ್ನೇನನ್ನಬೇಕಿತ್ತು? ಮೇಡಂ ಎಂದರೆ ನನಗೆ ನಗು ಬರುತ್ತದೆ. ಚಿಕ್ಕಮ್ಮ ಎಂದಿದ್ದರೆ ಹೊಡೆಯುತ್ತಿದ್ದೆ.

ಬೆಳಿಗ್ಗೆ ಎಂಟಕ್ಕೆ ನಾನು ಶಟರ್ ಎತ್ತುವ ಹೊತ್ತಿಗೆ ಅವನು ಮೆಟ್ಟಿಲ ಮೇಲೆ ಕೂತಿರುತ್ತಾನೆ. ಕೈಯಲ್ಲಿ ಬಿಸಿ ಹುಲಾತಾಂಗ್ ಸೂಪು, ನನ್ನ ಬಟ್ಟಲಿಗೆ ಕೊತ್ತಂಬರಿ ಹಾಕಿಸಿರುವುದಿಲ್ಲ. ಕುಡಿದಾದ ಮೇಲೆ ಎಲ್ಲ ಕಂಪನಿಗಳ ಗಾಜನ್ನೂ ಒರೆಸುತ್ತಾನೆ, ನಿನ್ನ ಕಂಪನಿಯದನ್ನೂ ಬಿಡುವುದಿಲ್ಲ. "ಅದನ್ನ್ಯಾಕಪ್ಪ ಒರೆಸ್ತೀಯ, ಅವರು ನಿನ್ನ ಶತ್ರುಗಳಲ್ವಾ?" ಅಂದೆ. "ಧೂಳಿಗೆ ಕಂಪನಿ ಗೊತ್ತಿಲ್ಲ ಅತ್ತಿಗೆ" ಅಂದ. ಮಾತು ಬಲ್ಲವನು.

ಒಂದು ಮುಖ್ಯ ಸಂಗತಿ. ಬಾಗಿಲ ಬಳಿಯ ಕಪಾಟು ತಮಗೆ ಬೇಕು, ಮೇಲೆ ತಮ್ಮ ಬೋರ್ಡು ಬೇಕು ಎಂದು ನೇರಳೆ ಕಂಪನಿಯವರು ಕೇಳುತ್ತಿದ್ದಾರೆ. ಎರಡು ವರ್ಷದ ಒಪ್ಪಂದ. ಮೇ ಕೊನೆಯೊಳಗೆ ಹೇಳಬೇಕು. ಇಲ್ಲವೆಂದರೆ ಎದುರಿನ ಅಂಗಡಿಗೆ ಕೊಡುತ್ತಾರೆ, ಆಗ ನನ್ನ ಬಾಗಿಲಿಗೆ ನೊಣವೂ ಬರುವುದಿಲ್ಲ. ಆ ಕಪಾಟನ್ನು ನೀನೇ ಜೋಡಿಸಿದ್ದು, ನಿನ್ನ ಕಂಪನಿಗೆಂದೇ ಇಟ್ಟದ್ದು. ಅದಕ್ಕೇ ಕೇಳುತ್ತಿದ್ದೇನೆ, ಇಲ್ಲದಿದ್ದರೆ ಕೇಳುತ್ತಿರಲಿಲ್ಲ.

ಅಪ್ಪ ಚೆನ್ನಾಗಿದ್ದಾರೆ.

ಯಾನ್‌ಲಿಂಗ್

*

ಶಾಂಘೈ
೧೩ ಏಪ್ರಿಲ್ ೨೦೧೬

ಯಾನ್‌ಲಿಂಗ್,

ನೀನು ಕೊತ್ತಂಬರಿ ತಿನ್ನುವುದಿಲ್ಲ ಎಂದು ಅವನಿಗೆ ಹೇಗೆ ಗೊತ್ತು? ನನಗೆ ಅದು ಗೊತ್ತಾಗಲು ಮದುವೆಯಾಗಿ ಒಂದು ವರ್ಷ ಬೇಕಾಯಿತು.

ನಮ್ಮ ಕಟ್ಟಡದ ಮೂರನೇ ಚಿಕ್ಕಮ್ಮ ಮೊನ್ನೆ ಫೋನ್ ಮಾಡಿದ್ದಳು. ಯಾರೋ ಕಟ್ಟುಮಸ್ತಾದ ಹುಡುಗ ನಮ್ಮ ಮನೆಗೆ ಅಕ್ಕಿಮೂಟೆ ಹೊತ್ತುಕೊಂಡು ಮೂರು ಮಹಡಿ ಹತ್ತಿದನಂತೆ. "ನಿನ್ನ ಹೆಂಡ್ತಿ ಹಿಂದಿನಿಂದ ನಗ್ತಾ ಹತ್ತಿದ್ಳು ಕಣೋ, ನಾನೇನೂ ಹೇಳ್ತಿಲ್ಲಪ್ಪ" ಅಂದಳು. ಅವಳು ಏನೂ ಹೇಳುತ್ತಿಲ್ಲ ಎಂದಾಗಲೇ ಎಲ್ಲವನ್ನೂ ಹೇಳುವುದು.

ಅವನು ದಿನಕ್ಕೆ ಎಷ್ಟು ಸಲ ಬರುತ್ತಾನೆ, ಎಷ್ಟು ಹೊತ್ತು ಇರುತ್ತಾನೆ? ಎಲ್ಲಿ ಕೂರುತ್ತಾನೆ, ನನ್ನ ಕುರ್ಚಿಯಲ್ಲೋ ಸ್ಟೂಲಿನ ಮೇಲೋ? ಗಿರಾಕಿ ಇಲ್ಲದಾಗ ಏನು ಮಾತಾಡುತ್ತಾನೆ? ಮನೆಗೆ ಯಾಕೆ ಬಂದ? ಒಂದೂ ಬಿಡದೆ ಬರೆ.

ಕಪಾಟಿನ ವಿಷಯಕ್ಕೆ ಅವಸರ ಬೇಡ. ಅವನಿಗೆ ಏನೂ ಮಾತು ಕೊಡಬೇಡ.

ಬೋವೆನ್

*

ಲಿನ್ಹೆ
೧೯ ಏಪ್ರಿಲ್ ೨೦೧೬

ಯಾಯಾಳ ಅಪ್ಪನಿಗೆ,

ಮೂರೇ ದಿನದಲ್ಲಿ ಉತ್ತರ. ನನ್ನ ಗಂಡ ಇಷ್ಟು ಬೇಗ ಬರೆಯಬಲ್ಲ ಎಂದು ನನಗೆ ಗೊತ್ತಿರಲಿಲ್ಲ.

ಕೇಳಿದ್ದಕ್ಕೆಲ್ಲ ಹೇಳುತ್ತೇನೆ, ಬರೆದುಕೋ. ದಿನಕ್ಕೆ ಎರಡು ಸಲ ಬರುತ್ತಾನೆ. ಬೆಳಿಗ್ಗೆ ಒಂದು ಗಂಟೆ, ಮಧ್ಯಾಹ್ನ ಎರಡು ಗಂಟೆ ಇರುತ್ತಾನೆ. ಸಂತೆಯ ದಿನ ಇಡೀ ದಿನ. ಅವನ ಕೈಕೆಳಗೆ ಹನ್ನೆರಡು ಅಂಗಡಿಗಳಿವೆ, ಎಲ್ಲ ಕಡೆಯೂ ಹೀಗೇ ಅನ್ನುತ್ತಾನೆ. ನಾನು ನಂಬಿಲ್ಲ. ಕೂರುವುದು ಸ್ಟೂಲಿನ ಮೇಲೆ. ನಿನ್ನ ಕುರ್ಚಿಯ ಕಾಲು ಹೋದ ವರ್ಷವೇ ಮುರಿದಿತ್ತು, ಅದನ್ನು ಕೂಡಿಸಿ ಕೊಟ್ಟವನೂ ಅವನೇ.

ಮಾತಾಡುವುದು ಫೋನಿನ ವಿಷಯ ಕಮ್ಮಿ. ಯಾಯಾಳ ಹುಟ್ಟುಹಬ್ಬ ಯಾವತ್ತು ಎಂದು ಕೇಳಿ ಅಂದು ಕೇಕ್ ತಂದಿದ್ದ. ಹೂ ಆಂಟಿಯ ಕುಣಿತದ ಗುಂಪಿಗೆ ನಲವತ್ತು ಬೀಸಣಿಗೆ ತರಿಸಿಕೊಟ್ಟ. ಈಗ ಚೌಕದಲ್ಲಿ ಅವರ ಹಾಡೆಲ್ಲ ನೇರಳೆ ಕಂಪನಿಯ ಫೋನಿನಿಂದಲೇ ಬರುತ್ತದೆ, ದನಿ ಸೇತುವೆಯಾಚೆಗೂ ಕೇಳುತ್ತದೆ. ಆ ಫೋನಿನಲ್ಲಿ ಯಾರಾದರೂ ಚಾಟ್ ಗುಂಪಿಗೆ ಹಬ್ಬದ ದುಡ್ಡಿನ ಕೆಂಪು ಲಕೋಟೆ ಕಳಿಸಿದರೆ ಬೇರೆಯೇ ಗಂಟೆ ಹೊಡೆಯುತ್ತದೆ, ಮಿಕ್ಕವರಿಗಿಂತ ಮೊದಲು ಬಾಚಿಕೊಳ್ಳಬಹುದು. ಸೆಲ್ಫಿ ತೆಗೆದರೆ ಹತ್ತು ವರ್ಷ ಕಮ್ಮಿ ಕಾಣುತ್ತದೆ. ನಿನ್ನ ಕಂಪನಿಯ ಫೋನಿನಲ್ಲಿ ನನ್ನ ಮುಖ ನನ್ನ ಅತ್ತೆಯ ಹಾಗೆ ಕಾಣುತ್ತದೆ, ದೇವಲೋಕದಲ್ಲಿರುವ ಅವರು ಕ್ಷಮಿಸಲಿ. ಫೋನು ಕೆಟ್ಟರೆ ಅವನೇ ಒಯ್ದು ಮೂರು ದಿನದಲ್ಲಿ ತರುತ್ತಾನೆ, ಅಲ್ಲಿಯ ತನಕ ತನ್ನದನ್ನು ಕೊಟ್ಟಿರುತ್ತಾನೆ. ನಿಮ್ಮದನ್ನು ಜೆಂಗ್‌ಜೌಗೆ ಕಳಿಸಿ ಹದಿನೈದು ದಿನ ಕಾಯಬೇಕು.

ನಿನ್ನ ಕಂಪನಿಯವರು ವರ್ಷಕ್ಕೆ ಎರಡು ಸಲ ಬರುತ್ತಾರೆ. ಕೊರಳಲ್ಲಿ ಗುರುತುಪಟ್ಟಿ, ಕೈಯಲ್ಲಿ ಪ್ರಶ್ನೆಗಳ ಹಾಳೆ. ನೀನೂ ವರ್ಷಕ್ಕೆ ಎರಡು ಸಲವೇ ಬರುವುದು. ಆ ಕಂಪನಿ ನನಗೆ ಸವತಿ. ಅದರ ನಡತೆಯೆಲ್ಲ ನಿನಗೆ ಬಂದುಬಿಟ್ಟಿದೆ. ಅದರ ಮೇಲೆ ನನಗಿರುವ ಹೊಟ್ಟೆಕಿಚ್ಚಿನ ಮುಂದೆ ನಿನ್ನದು ಏನೇನೂ ಅಲ್ಲ.

ಅಕ್ಕಿ ಇಪ್ಪತ್ತೈದು ಕಿಲೋ ಇತ್ತು. ಹೊರುವವರು ಬೇಕಿತ್ತು, ಹೊತ್ತ.

ಯಾನ್‌ಲಿಂಗ್

*

ಶಾಂಘೈ
೨೩ ಏಪ್ರಿಲ್ ೨೦೧೬

ಯಾನ್‌ಲಿಂಗ್,

ಚಿಕ್ಕಮ್ಮ ಮತ್ತೆ ಫೋನ್ ಮಾಡಿದಳು. ಕಳೆದ ತಿಂಗಳ ಕೊನೆಯ ಭಾನುವಾರ ಅವನ ಬೂಟು ಮಧ್ಯಾಹ್ನದಿಂದ ಸಂಜೆಯ ತನಕ ನಮ್ಮ ಮನೆಯ ಬಾಗಿಲ ಹೊರಗಿತ್ತಂತೆ. ನೀನು ಅದನ್ನು ಬರೆದಿಲ್ಲ. ಕೇಕು, ಬೀಸಣಿಗೆ, ಕುರ್ಚಿಯ ಕಾಲು ಎಲ್ಲ ಬರೆದವಳು ಬೂಟನ್ನು ಯಾಕೆ ಬಿಟ್ಟೆ?

ನನಗೆ ಹೊಟ್ಟೆ ಉರಿಯುತ್ತಿದೆ. ಹೇಳಿಬಿಡುತ್ತೇನೆ. ಊಟ ಸೇರುತ್ತಿಲ್ಲ. ಮೀಟಿಂಗಿನಲ್ಲಿ ಯಾರಾದರೂ ನೇರಳೆ ಕಂಪನಿಯ ಹೆಸರೆತ್ತಿದರೆ ನನ್ನ ಕಿವಿ ಬಿಸಿಯಾಗುತ್ತದೆ. ಅದನ್ನು ಕಂಡ ಸಹೋದ್ಯೋಗಿಗಳು, "ಬೋವೆನ್‌ಗೆ ಕಂಪನಿ ಅಂದ್ರೆ ಎಷ್ಟು ಅಭಿಮಾನ ನೋಡಿ" ಎಂದು ಹೊಗಳುತ್ತಾರೆ.

ನಾನೂ ಸುಮ್ಮನೆ ಕೂತಿಲ್ಲ. ಅವರ ಕಂಪನಿ ಬಿಟ್ಟು ನಮ್ಮಲ್ಲಿಗೆ ಸೇರಿದವನೊಬ್ಬನಿದ್ದಾನೆ. ಅವನಿಗೆ ಊಟ ಹಾಕಿಸಿ ಎಲ್ಲ ಕೇಳಿದೆ. ಅಂಗಡಿ ಅಂಗಡಿ ಸುತ್ತುವ ಹುಡುಗರಿಗೆಂದೇ ಅವರಲ್ಲಿ ಒಂದು ಪುಸ್ತಕ ಇದೆಯಂತೆ. ಅಂಗಡಿಯವರು ಏನು ತಿನ್ನುತ್ತಾರೆ, ಏನು ತಿನ್ನುವುದಿಲ್ಲ, ಮಕ್ಕಳ ಹುಟ್ಟುಹಬ್ಬ ಯಾವಾಗ, ಮನೆಯಲ್ಲಿ ಹಿರಿಯರು ಯಾರು, ಅವರ ಕಾಯಿಲೆ ಏನು, ಎಲ್ಲ ತಿಳಿದು ಬರೆದಿಡಬೇಕು. ಗಾಜು ಒರೆಸಬೇಕು, ಮೂಟೆ ಹೊರಬೇಕು. ಮದುವೆ, ಸಾವು ಯಾವುದನ್ನೂ ತಪ್ಪಿಸಬಾರದು. ಮಾಡಿದ್ದಕ್ಕೆಲ್ಲ ಒಂದು ಫೋಟೋ ತೆಗೆದು ಸಂಜೆ ಮೇಲಿನವನಿಗೆ ಕಳಿಸಬೇಕು. ಅದಕ್ಕೆ ಅಂಕ ಬೀಳುತ್ತದೆ.

ಈಗ ಗೊತ್ತಾಯಿತೇ? ಅವನು ಬಂದದ್ದು ನಿನಗಾಗಿ ಅಲ್ಲ, ಕಪಾಟಿಗಾಗಿ. ನಿನ್ನ ಕೊತ್ತಂಬರಿ ಎಲ್ಲೋ ಒಂದು ಪುಸ್ತಕದ ಮೂರನೆಯ ಸಾಲಿನಲ್ಲಿದೆ. ಒಪ್ಪಂದಕ್ಕೆ ಸಹಿ ಹಾಕಬೇಡ.

ಬೋವೆನ್

*

ಲಿನ್ಹೆ
೨೮ ಏಪ್ರಿಲ್ ೨೦೧೬

ಬೋವೆನ್,

ಅದು ನನಗೆ ಮೊದಲ ವಾರದಿಂದಲೇ ಗೊತ್ತು. ಅವನೇ ಹೇಳಿದ್ದ. "ಅತ್ತಿಗೆ, ಒಂದ್ನಿಮಿಷ ಬಟ್ಟಲು ಹಿಡ್ಕೊಂಡು ಈ ಕಡೆ ನೋಡಿ, ಫೋಟೋ ಕಳಿಸ್ಬೇಕು, ಇಲ್ಲಾಂದ್ರೆ ನಮ್ಮ ಸಾಹೇಬ ಬೈತಾನೆ" ಎನ್ನುತ್ತಿದ್ದ. ನಾನು ನೋಡುತ್ತಿದ್ದೆ. ಅದರಲ್ಲಿ ಮುಚ್ಚುಮರೆ ಏನೂ ಇರಲಿಲ್ಲ.

ಬೂಟಿನ ವಿಷಯ ಕೇಳಿದ್ದೀಯ. ಆ ಭಾನುವಾರ ನಿನ್ನ ಅಪ್ಪ ಬಚ್ಚಲಲ್ಲಿ ಜಾರಿ ಬಿದ್ದರು. ಸೊಂಟ. ಮೇಲೇಳಲಾಗಲಿಲ್ಲ. ನಿನಗೆ ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ, ನಿಮ್ಮ ಕಂಪನಿಯ ಹುಡುಗಿ ಎತ್ತಿ, "ಸರ್ ವೇದಿಕೆ ಮೇಲಿದ್ದಾರೆ" ಅಂದಳು. ಆಂಬುಲೆನ್ಸಿನವರು ಬರಲು ಒಂದು ಗಂಟೆ ಬೇಕು ಅಂದರು. ಕೊನೆಗೆ ಕರೆದಾಗ ಫೆಂಗ್ ಹತ್ತೇ ನಿಮಿಷದಲ್ಲಿ ಬಂದ. ಅವರನ್ನು ಬೆನ್ನ ಮೇಲೆ ಹೊತ್ತು ಮೂರು ಮಹಡಿ ಇಳಿಸಿದ. ಆಸ್ಪತ್ರೆಯಲ್ಲಿ ಸಾಲು ನಿಂತ, ಎಕ್ಸ್‌ರೇ ತೆಗೆಸಿದ, ಮಧ್ಯಾಹ್ನ ವಾಪಸ್ ಹೊತ್ತು ತಂದು ಮಲಗಿಸಿದ. ಸಂಜೆಯ ತನಕ ಅವರ ಪಕ್ಕ ಕೂತು ಚದುರಂಗ ಆಡಿದ. ಅಪ್ಪ ಎರಡು ಸಲ ಕಳ್ಳಾಟ ಆಡಿ ಗೆದ್ದರು. ಮೂಳೆ ಮುರಿದಿಲ್ಲ, ಈಗ ಕೋಲು ಹಿಡಿದು ಓಡಾಡುತ್ತಾರೆ. "ಅವನಿಗೆ ಹೇಳ್ಬೇಡಮ್ಮ, ಕೆಲಸ ಬಿಟ್ಟು ಓಡಿ ಬರ್ತಾನೆ" ಅಂದರು ಅಪ್ಪ. ನೀನು ಓಡಿ ಬರುತ್ತೀಯ ಎಂದು ಅವರಿಗೆ ಇನ್ನೂ ನಂಬಿಕೆ ಇದೆ.

ಅದಕ್ಕೂ ಅವನು ಫೋಟೋ ತೆಗೆದ, ಹೌದು. ಅಂಕವೂ ಬಿದ್ದಿರಬೇಕು. ಹೆಚ್ಚೇ ಬೀಳಲಿ.

ಸಂಬಳಕ್ಕಾಗಿ ಬಂದ ಎನ್ನುತ್ತೀಯ. ಸಂಬಳಕ್ಕಾಗಿ ಅವನು ದಿನಕ್ಕೆ ಎರಡು ಸಲ ಬಂದ. ಪ್ರೀತಿ ಇಟ್ಟುಕೊಂಡ ನೀನು ವರ್ಷಕ್ಕೆ ಎರಡು ಸಲ ಬಂದೆ. ನನಗೆ ಯಾವುದು ಬೇಕು ಎಂದು ನಿನ್ನ ಹಾಳೆಯಲ್ಲಿ ಯಾರೂ ಕೇಳಲಿಲ್ಲ.

ಯಾನ್‌ಲಿಂಗ್

*

ಶಾಂಘೈ
೭ ಮೇ ೨೦೧೬

ಯಾನ್‌ಲಿಂಗ್,

ನಿನ್ನ ಕಾಗದ ಓದಿ ಅಪ್ಪನಿಗೆ ಫೋನ್ ಮಾಡಿದೆ. "ನನಗೇನಾಗಿದೆ, ಗುಂಡುಕಲ್ಲಿನ ಹಾಗಿದ್ದೀನಿ" ಎಂದು ಇಟ್ಟುಬಿಟ್ಟರು. ನನಗೆ ಫೋನ್ ಇಡುವ ಚಾಳಿ ಎಲ್ಲಿಂದ ಬಂತು ಎಂದು ಗೊತ್ತಾಯಿತು. ಮುಖ ಎತ್ತಿ ನಡೆಯಲು ನಾಚಿಕೆಯಾಗುತ್ತಿದೆ.

ಇನ್ನೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ನಿನ್ನ ಹತ್ತೊಂಬತ್ತರ ಕಾಗದವನ್ನು ನಾನು ವರದಿಯಲ್ಲಿ ಬಳಸಿದೆ. ಅವನ ಬಗ್ಗೆ ಉರಿದುಕೊಂಡು ನಾನು ಕೇಳಿದ ಪ್ರಶ್ನೆ, ನನ್ನನ್ನು ಕೆಣಕಲು ನೀನು ಕೊಟ್ಟ ಉತ್ತರ, ಎರಡನ್ನೂ ಸೇರಿಸಿ ದೊಡ್ಡ ಸಾಹೇಬರ ಮುಂದೆ ಇಟ್ಟೆ. ಅವರು ವಿದೇಶದಿಂದ ಬಂದು ನಾಲ್ಕು ವರ್ಷವಾಯಿತು, ಮೊದಲ ಸಲ ಕುರ್ಚಿಯ ತುದಿಗೆ ಬಂದು ಕೂತರು. ನಮ್ಮ ಫೋನು ಸಣ್ಣ ಊರುಗಳಲ್ಲಿ ಯಾಕೆ ಸೋಲುತ್ತಿದೆ ಎಂದು ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲವಂತೆ. "ಆ ಅಂಗಡಿಯಾಕೆ ನಿಮ್ಮ ಹತ್ರ ಇಷ್ಟು ಮನಸ್ಸು ಬಿಚ್ಚಿ ಹೇಗೆ ಮಾತಾಡಿದ್ಲು?" ಎಂದು ಕೇಳಿದರು. ನನ್ನ ಹೆಂಡತಿ ಎಂದು ಹೇಳಲು ಬಾಯಿ ಬರಲಿಲ್ಲ. ಹೆನಾನ್ ಕಡೆಯ ಒಬ್ಬ ಅಂಗಡಿಯವಳು ಎಂದೆ.

ಹಾಗಾದರೆ ನಾವೂ ಹನ್ನೆರಡು ಅಂಗಡಿಗೆ ಒಬ್ಬನನ್ನು ಇಡೋಣವೇ ಎಂದು ಅವರು ಮುಖ್ಯ ಕಚೇರಿಗೆ ಬರೆದರು. ಅಲ್ಲಿಂದ ಉತ್ತರ ಬಂತು. ಜನರನ್ನು ಕೊಡಲಾಗುವುದಿಲ್ಲ, ಪ್ರಶ್ನೆಗಳ ಹಾಳೆಗೆ ಇನ್ನೆರಡು ಪುಟ ಸೇರಿಸಿ ಎಂದು. ಸಣ್ಣ ಊರುಗಳ ಕೆಲಸವನ್ನೇ ನಿಲ್ಲಿಸುತ್ತಾರೆ ಎಂಬ ಮಾತೂ ಇದೆ. ಒಳ್ಳೆಯ ವರದಿ ಬರೆದದ್ದಕ್ಕೆ ನನಗೆ ಹನೋಯಿಯಲ್ಲಿ ಮೂರು ವರ್ಷದ ಹುದ್ದೆ ಕೊಡುತ್ತೇವೆ ಎಂದಿದ್ದಾರೆ. ಇಪ್ಪತ್ತೇಳನೇ ತಾರೀಖಿನೊಳಗೆ ಸಹಿ ಹಾಕಬೇಕು. ಸಂಬಳ ಒಂದೂವರೆ ಪಟ್ಟು. ಒಪ್ಪಿದರೆ ವರ್ಷಕ್ಕೆ ಒಂದೇ ಸಲ ಬರಲಾಗುವುದು.

ಏನು ಮಾಡಲಿ ಎಂದು ತಿಳಿಯುತ್ತಿಲ್ಲ. ಅವನು ಈಗಲೂ ಬರುತ್ತಾನೆಯೇ? ಅಪ್ಪನನ್ನು ಹೊತ್ತವನು, ಅವನಿಗೆ ಕೈ ಮುಗಿಯಬೇಕು, ಗೊತ್ತು. ಆದರೂ ಕೇಳದೆ ಇರಲಾರೆ. ಹುಲಾತಾಂಗ್ ಈಗಲೂ ತರುತ್ತಾನೆಯೇ?

ಬೋವೆನ್

*

ಲಿನ್ಹೆ
೧೩ ಮೇ ೨೦೧೬

ಯಾಯಾಳ ಅಪ್ಪನಿಗೆ,

ಹೆನಾನ್ ಕಡೆಯ ಅಂಗಡಿಯವಳು ಬರೆಯುತ್ತಿದ್ದಾಳೆ.

ಹನೋಯಿಗೆ ಹೋಗು ಎಂದೂ ಹೇಳುವುದಿಲ್ಲ, ಬೇಡ ಎಂದೂ ಹೇಳುವುದಿಲ್ಲ. ನಾನು ಬೇಡ ಎಂದದ್ದಕ್ಕೆ ನೀನು ಅದನ್ನು ಬಿಟ್ಟರೆ ಸಾಯುವ ತನಕ ಅದನ್ನೇ ಆಡಿ ತೋರಿಸುತ್ತೀಯ.

ಫೆಂಗ್ ಬರುತ್ತಾನೆ, ಬರದೆ ಏನು? ಮೊನ್ನೆ ನೀಲಿ ಬಣ್ಣದ ಹೊಸ ಅಂಗಿ ಹಾಕಿಕೊಂಡು ಬಂದಿದ್ದ. ಚೆನ್ನಾಗಿ ಒಪ್ಪುತ್ತಿತ್ತು. ಹುಲಾತಾಂಗ್ ಈಗ ಬೇರೆ ಅಂಗಡಿಯಿಂದ ತರುತ್ತಾನೆ, ಮೆಣಸಿನ ಖಾರ ಹೆಚ್ಚಿರುತ್ತದೆ. ನನಗೆ ಅದೇ ಇಷ್ಟ. ಚೌಕದಲ್ಲಿ ಹೂ ಆಂಟಿ ಅವನ ಕೈಹಿಡಿದೆಳೆದು ಕುಣಿಸಿದರು. ನನ್ನನ್ನೂ ಕರೆದರು. ಎರಡು ಸುತ್ತು ಹಾಕಿದೆ.

ಯಾನ್‌ಲಿಂಗ್

*

ಶಾಂಘೈ
೧೬ ಮೇ ೨೦೧೬

ಯಾನ್‌ಲಿಂಗ್,

ನೀಲಿ ಅಂಗಿಯ ವಿಷಯ ನನಗೆ ಯಾಕೆ ಬರೆದೆ? ಬೇಕೆಂದೇ ಬರೆದೆ. ಎರಡು ಸುತ್ತು ಎಂದರೆ ಎಷ್ಟು ಹೊತ್ತು? ನಮ್ಮ ಮದುವೆಯ ದಿನ ಕುಣಿ ಎಂದು ಎಲ್ಲರೂ ಬೇಡಿಕೊಂಡರೂ ಕಾಲು ನೋವು ಎಂದು ಕೂತವಳು ನೀನು.

ನೋಡು, ನನಗೆ ಸಾಕಾಗಿದೆ. ದೊಡ್ಡ ಸಾಹೇಬರು ಊರಲ್ಲಿಲ್ಲ, ಇಪ್ಪತ್ತೇಳಕ್ಕೆ ಬರುತ್ತಾರೆ. ಅಂದು ಹನೋಯಿ ಬೇಡವೆಂದು ಹೇಳಿ, ರಾಜೀನಾಮೆ ಕೊಟ್ಟು, ಮಾರನೆಯ ದಿನದ ರೈಲಿಗೆ ಹೊರಡುತ್ತೇನೆ. ಟಿಕೆಟ್ ತೆಗೆದಾಗಿದೆ. ಊರಲ್ಲಿ ಏನು ಮಾಡುತ್ತೇನೆ ಎಂದು ಗೊತ್ತಿಲ್ಲ. ಮೂಟೆಯಾದರೂ ಹೊರುತ್ತೇನೆ.

ಒಪ್ಪಂದಕ್ಕೆ ಸಹಿ ಹಾಕು. ನೇರಳೆ ಬೋರ್ಡು ಹಾಕಿಸು. ಬಾಗಿಲ ಬಳಿಯ ಕಪಾಟನ್ನು ಅವರಿಗೆ ಕೊಡು, ನಮ್ಮ ಕಂಪನಿಗೆ ಅದರ ಮೇಲೆ ಏನೂ ಹಕ್ಕಿಲ್ಲ. ಆದರೆ ನಾನು ಬರುವ ಹೊತ್ತಿಗೆ ಆ ಫೆಂಗ್ ಅಂಗಡಿಯಲ್ಲಿ ಇರಕೂಡದು. ಸ್ಟೇಷನ್ನಿಗೂ ಬರಕೂಡದು. ನನ್ನ ಪೆಟ್ಟಿಗೆ ಅವನು ಹೊತ್ತರೆ ನಾನು ಅಲ್ಲೇ ರೈಲು ಹತ್ತಿ ವಾಪಸ್ ಹೋಗುತ್ತೇನೆ.

ಬೋವೆನ್

*

ಲಿನ್ಹೆ
೨೪ ಮೇ ೨೦೧೬

ಬೋವೆನ್,

ನಿನ್ನ ಕಾಗದ ಬಂದು ಆರು ದಿನವಾಯಿತು. ಆರು ದಿನವೂ ಬರೆಯಲೋ ಬೇಡವೋ ಎಂದು ನನ್ನೊಳಗೇ ಜಗಳವಾಡಿದೆ. ಬರೆಯದೆ ಸುಮ್ಮನಿದ್ದರೆ ನೀನು ಬಂದೇ ಬರುತ್ತೀಯ. ಆದರೆ ಹಾಗೆ ಬಂದವನ ಜೊತೆ ಬಾಳುವುದು ನನ್ನಿಂದಾಗದು.

ಫೆಂಗ್ ಸ್ಟೇಷನ್ನಿಗೆ ಬರುವುದಿಲ್ಲ. ಅವನು ಈ ಊರಲ್ಲೇ ಇಲ್ಲ. ಏಪ್ರಿಲ್ ಮೂವತ್ತಕ್ಕೆ ಅವನನ್ನು ಶಿನ್‌ಯಾಂಗ್‌ಗೆ ವರ್ಗ ಮಾಡಿದರು. ಹೋಗುವ ದಿನ ಅಪ್ಪನ ಹತ್ತಿರ ಒಂದು ಆಟ ಆಡಿ, ಸೋತು, ಹೋದ. ಆಮೇಲೆ ಒಂದು ಸಲವೂ ಫೋನ್ ಮಾಡಿಲ್ಲ. ಅಲ್ಲಿ ಅವನಿಗೆ ಬೇರೆ ಹನ್ನೆರಡು ಅತ್ತಿಗೆಯರು ಸಿಕ್ಕಿರುತ್ತಾರೆ. ಈಗ ಅವನ ಜಾಗಕ್ಕೆ ಒಬ್ಬ ಹುಡುಗಿ ಬರುತ್ತಾಳೆ. ಗಾಜು ಒರೆಸಿದರೆ ಗೀರು ಉಳಿಯುತ್ತದೆ. ಸಹಿ ಹಾಕಿದ್ದೇನೆ, ನೇರಳೆ ಬೋರ್ಡು ನಿನ್ನೆ ಏರಿತು.

ನೀಲಿ ಅಂಗಿ ಸುಳ್ಳು. ಖಾರದ ಹುಲಾತಾಂಗ್ ಸುಳ್ಳು. ನಾನು ಕುಣಿಯಲೂ ಇಲ್ಲ.

ಯಾಕೆ ಬರೆದೆ ಎಂದು ನೀನು ಕೇಳಿದ್ದೆ. ನಮ್ಮ ಹದಿಮೂರು ವರ್ಷದ ಮದುವೆಯಲ್ಲಿ ನಾನು ಏನು ತಿಂದೆ, ಯಾರ ಜೊತೆ ಮಾತಾಡಿದೆ, ಎಲ್ಲಿ ಕೂತೆ ಎಂದು ನೀನು ಕೇಳಿದ್ದು ಈ ಎರಡು ತಿಂಗಳಲ್ಲೇ. ಫೆಂಗ್ ಹೋದನೆಂದು ತಿಳಿದರೆ ನಿನ್ನ ಉರಿ ಆರುತ್ತದೆ, ಉರಿ ಆರಿದರೆ ಕಾಗದವೂ ನಿಲ್ಲುತ್ತದೆ ಎಂದು ಹೆದರಿದೆ. ಹೋದವನನ್ನು ಇನ್ನೂ ಸ್ವಲ್ಪ ದಿನ ಅಂಗಡಿಯಲ್ಲೇ ಕೂರಿಸಿಕೊಂಡೆ.

ಈಗ ಇಲ್ಲಿ ಹೊಟ್ಟೆಕಿಚ್ಚು ಪಡುವಂಥವರು ಯಾರೂ ಇಲ್ಲ. ನಾನಿದ್ದೇನೆ, ಯಾಯಾ ಇದ್ದಾಳೆ, ಕೋಲು ಹಿಡಿದ ಅಪ್ಪ ಇದ್ದಾರೆ. ಈ ಕಾಗದ ನಿನ್ನ ಕೈಸೇರುವುದು ಇಪ್ಪತ್ತಾರಕ್ಕೆ. ಹನೋಯಿಗೆ ಸಹಿ ಹಾಕಲು ನಿನಗೆ ಇನ್ನೂ ಒಂದು ದಿನ ಉಳಿದಿರುತ್ತದೆ.

ಯಾನ್‌ಲಿಂಗ್